ತೂಕ ಬರೆದುಕೊಡಿ: ಚಿತ್ರದುರ್ಗದ ಒಂದು ಆನೆ ಪೈಸೆಯ ಪ್ರಕರಣ

ಈ ಪ್ರಕರಣದ ವಸ್ತು ಟಿಪ್ಪು ಸುಲ್ತಾನನ ಕಾಲದ್ದೆಂದು ಮಾರಿದ, ಆನೆಯ ಚಿತ್ರವಿರುವ ಒಂದು ತಾಮ್ರದ ಪೈಸೆ, ಬೆಲೆ 6,800 ರೂಪಾಯಿ. ಕೊಂಡವರು ಚಿತ್ರದುರ್ಗದ ಪ್ರೌಢಶಾಲೆಯೊಂದರ ಸಮಾಜ ವಿಜ್ಞಾನ ಶಿಕ್ಷಕರು. ಮಾರಿದವನು ದೇಶದಾದ್ಯಂತ ಬಳಕೆಯಲ್ಲಿರುವ ಒಂದು ಆನ್‌ಲೈನ್ ಮಾರುಕಟ್ಟೆಯಲ್ಲಿ ಮಳಿಗೆ ತೆರೆದಿದ್ದ ಹೊರ ರಾಜ್ಯದ ವ್ಯಾಪಾರಿ. ಇಬ್ಬರ ಹೆಸರನ್ನೂ ಮಾರುಕಟ್ಟೆಯ ಹೆಸರನ್ನೂ ಬಿಟ್ಟಿದ್ದೇನೆ. ಶಿಕ್ಷಕರನ್ನು ಊರಿನವರು ಕರೆಯುವಂತೆ ಮೇಷ್ಟರು ಎಂದೇ ಕರೆಯುತ್ತೇನೆ. ದಾವಣಗೆರೆಯಲ್ಲಿದ್ದು ಮೈಸೂರು ಸಂಸ್ಥಾನದ ನಾಣ್ಯಗಳನ್ನು ಸಂಗ್ರಹಿಸುವ ನನಗೆ ಅವರದು ಹಳೆಯ ಪರಿಚಯ. ಮೊದಲ ವಿಚಾರಣೆಯಿಂದ ಕೊನೆಯ ದೂರಿನವರೆಗೆ ಬಂದ ಹೋದ ಸಂದೇಶಗಳನ್ನೆಲ್ಲ ಅವರು ನನಗೆ ಕಳುಹಿಸುತ್ತಿದ್ದರು; ಬರೆಯಲು ಒಪ್ಪಿಗೆಯನ್ನೂ ಕೊಟ್ಟಿದ್ದಾರೆ.

ಮೊತ್ತ ದೊಡ್ಡದಲ್ಲ. ಆದರೆ ನಮ್ಮ ಭಾಗದಲ್ಲಿ ಹೊಸದಾಗಿ ಸಂಗ್ರಹಕ್ಕೆ ಇಳಿದವರು ಕೈ ಸುಟ್ಟುಕೊಳ್ಳುವುದು ಇಂಥ ಮೊತ್ತಗಳಲ್ಲೇ. ಐದಾರು ಸಾವಿರಕ್ಕಾಗಿ ಯಾರು ಅಲೆಯುತ್ತಾರೆ ಎಂದು ಸುಮ್ಮನಾಗುತ್ತಾರೆ, ನಕಲಿ ನಾಣ್ಯ ಡಬ್ಬಿಯ ತಳ ಸೇರುತ್ತದೆ, ಮಾರಿದವನು ಮುಂದಿನ ಗಿರಾಕಿಯನ್ನು ಹುಡುಕಿಕೊಳ್ಳುತ್ತಾನೆ. ಮೇಷ್ಟರಿಗೆ ಹಣ ಪೂರ್ತಿ ವಾಪಸು ಬಂತು. ಬರಲು ಕಾರಣವಾದದ್ದು ಆಮೇಲೆ ಕೊಟ್ಟ ದೂರಿಗಿಂತ ಹೆಚ್ಚಾಗಿ ಕೊಳ್ಳುವ ಮುಂಚೆ ಅವರು ಕೇಳಿ ಬರೆಸಿಕೊಂಡ ಒಂದು ಸಾಲು.

ಮೇಷ್ಟರು ಹುಡುಕುತ್ತಿದ್ದದ್ದು ಏನು

ಹೈದರ್ ಅಲಿ 1779ರಲ್ಲಿ ಮದಕರಿ ನಾಯಕನನ್ನು ಸೋಲಿಸಿ ಚಿತ್ರದುರ್ಗವನ್ನು ವಶಪಡಿಸಿಕೊಂಡ. ಮುಂದೆ ಟಿಪ್ಪು ತನ್ನ ರಾಜ್ಯದ ಅನೇಕ ಊರುಗಳಿಗೆ ಹೊಸ ಹೆಸರಿಟ್ಟಾಗ ದುರ್ಗ ಫರ್ರುಖ್‌ಯಾಬ್ ಹಿಸಾರ್ ಆಯಿತು. ಆ ಹೆಸರಿನ ಟಂಕಸಾಲೆಯಿಂದ ತಾಮ್ರದ ನಾಣ್ಯಗಳು ಹೊರಬಂದಿವೆ. ಒಂದು ಮುಖದಲ್ಲಿ ಆನೆ, ಇನ್ನೊಂದು ಮುಖದಲ್ಲಿ ಪರ್ಷಿಯನ್ ಲಿಪಿಯಲ್ಲಿ ‘ಜರ್ಬ್’, ಅಂದರೆ ‘ಇಲ್ಲಿ ಟಂಕಿಸಿದ್ದು’ ಎಂಬ ಮಾತಿನೊಂದಿಗೆ ಊರಿನ ಹೆಸರು. ಟಿಪ್ಪುವಿನ ಪೈಸೆಗಳಲ್ಲಿ ಹೆಚ್ಚಾಗಿ ಸಿಗುವುದು ಶ್ರೀರಂಗಪಟ್ಟಣದಲ್ಲಿ ಟಂಕಿಸಿದ ‘ಪಟನ್’ ನಾಣ್ಯ. ಸವೆದದ್ದಾದರೆ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ದುರ್ಗದ ಪೈಸೆ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಮೇಷ್ಟರು ಪ್ರತಿ ವರ್ಷ ಮಕ್ಕಳನ್ನು ಕೋಟೆಗೆ ಕರೆದೊಯ್ದು ಟಂಕಸಾಲೆ ಎಂದು ಕರೆಯುವ ಮಣ್ಣುಗೋಡೆಯ ಕಟ್ಟಡವನ್ನು ತೋರಿಸುತ್ತಾರೆ. ಊರಿನ ಹೆಸರು ಹೊತ್ತ ನಾಣ್ಯವನ್ನು ಮಕ್ಕಳ ಅಂಗೈ ಮೇಲೆ ಇಡಬೇಕೆಂಬ ಆಸೆ ಅವರದು. ಇಂಥ ಆಸೆಯನ್ನು ನಾನು ಗೌರವಿಸುತ್ತೇನೆ. ಸಂಶಯಾಸ್ಪದ ಮಾರಾಟಗಾರನಿಗೂ ಬೇಕಾಗಿರುವುದು ಇಂಥದೇ ಆಸೆ. ಗಿರಾಕಿ ಯಾವ ಊರಿನವನು, ಏನನ್ನು ಹುಡುಕುತ್ತಿದ್ದಾನೆ ಎಂದು ತಿಳಿದ ಕೂಡಲೇ ಅವನ ಮಾತು ಆ ಕಡೆಗೇ ಹರಿಯುತ್ತದೆ.

ಪಟ್ಟಿಯಲ್ಲಿ ಬರೆದದ್ದು

ಮಾರುಕಟ್ಟೆಯ ಪುಟದಲ್ಲಿ ಹೀಗಿತ್ತು: ‘ಟಿಪ್ಪು ಸುಲ್ತಾನ್, ಚಿತ್ರದುರ್ಗ ಟಂಕಸಾಲೆ, ತಾಮ್ರದ ಪೈಸೆ, ಹಿಜರಿ 1217, ಅತ್ಯಂತ ಅಪರೂಪ, ನೂರಕ್ಕೆ ನೂರು ಅಸಲಿ.’ ಜೊತೆಗೆ ಹಳದಿ ದೀಪದ ಬೆಳಕಿನಲ್ಲಿ ತೆಗೆದ ಎರಡು ಚಿತ್ರಗಳು. ತೂಕ ಇಲ್ಲ, ವ್ಯಾಸ ಇಲ್ಲ, ಅಂಚಿನ ಚಿತ್ರ ಇಲ್ಲ.

ಇಸ್ಲಾಮಿ ಕಾಲಗಣನೆಯಾದ ಹಿಜರಿಯ 1217 ಎಂದರೆ ಕ್ರಿಸ್ತಶಕ 1802–03. ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಡಿದದ್ದು 1799ರ ಮೇ 4ರಂದು. ಹಾಗಾದರೆ ನಾಣ್ಯದ ಮೇಲೆ 1217 ಇರುವುದೇ ಸುಳ್ಳೇ? ಇಲ್ಲ. ಟಿಪ್ಪು 1787ರ ಹೊತ್ತಿಗೆ ಹಿಜರಿಯನ್ನು ಬಿಟ್ಟು ಮೌಲೂದಿ ಎಂಬ ತನ್ನದೇ ಗಣನೆಯನ್ನು ತಂದ. ಆ ಗಣನೆಯ 1217 ಎಂದರೆ 1789ರ ಸುಮಾರು. ಜೊತೆಗೆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುವ ಪದ್ಧತಿಯನ್ನೂ ಮಾಡಿದ. ನಮ್ಮ ರೂಢಿಯಂತೆ ಎಡದಿಂದ ಓದಿದರೆ ಅದು 7121 ಎಂದು ಕಾಣುತ್ತದೆ. ಮೈಸೂರು ನಾಣ್ಯಗಳನ್ನು ಬಲ್ಲ ವ್ಯಾಪಾರಿಗೆ ಇದು ಅಕ್ಷರಮಾಲೆಯಷ್ಟೇ ಪರಿಚಿತ ವಿಷಯ. ಆದ್ದರಿಂದ ‘ಹಿಜರಿ’ ಎಂಬ ಪದ ನಾಣ್ಯದ ವಿರುದ್ಧ ಸಾಕ್ಷಿಯಲ್ಲ, ಮಾರುವವನ ತಿಳಿವಳಿಕೆಗೆ ಸಾಕ್ಷಿ. ತಾನು ಮಾರುವ ವಸ್ತುವಿನ ಬಗ್ಗೆ ಇಷ್ಟು ಕಡಿಮೆ ಬಲ್ಲವನು ‘ನೂರಕ್ಕೆ ನೂರು ಅಸಲಿ’ ಎಂದು ಯಾವ ಆಧಾರದ ಮೇಲೆ ಹೇಳುತ್ತಾನೆ ಎಂದು ಮೇಷ್ಟರನ್ನು ನಾನು ಕೇಳಿದೆ.

ಅವರ ಶಾಲೆಯ ಉರ್ದು ಶಿಕ್ಷಕಿ ಚಿತ್ರವನ್ನು ಹಿಗ್ಗಿಸಿ ನೋಡಿ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿದರು. ‘ಜರ್ಬ್’ ಸ್ಪಷ್ಟವಾಗಿತ್ತು. ‘ಹಿಸಾರ್’ ಪದದ ಕೊನೆಯ ಭಾಗವೂ ಕಂಡಿತು. ‘ಪಟನ್’ ಆಗಿದ್ದರೆ ಮೂರೇ ಅಕ್ಷರಗಳ ಹೆಸರು, ಇಷ್ಟು ಜಾಗ ತುಂಬುತ್ತಿರಲಿಲ್ಲ ಎಂದರು. ಟಂಕಸಾಲೆಯ ಹೆಸರಿನ ಮಟ್ಟಿಗೆ ಪಟ್ಟಿ ಸರಿಯಾಗಿತ್ತು. ಮೇಷ್ಟರ ಆಸೆ ಬಲಗೊಂಡದ್ದು ಅಲ್ಲಿ.

ಪ್ರಶ್ನೆಗಳು, ಉತ್ತರಗಳು

ಮೇಷ್ಟರು ಮಾರುಕಟ್ಟೆಯ ಒಳಗಿನ ಸಂದೇಶ ಪೆಟ್ಟಿಗೆಯಲ್ಲೇ ನಾಲ್ಕು ವಿಷಯ ಕೇಳಿದರು. ಗ್ರಾಂ ಲೆಕ್ಕದಲ್ಲಿ ತೂಕ ಎಷ್ಟು? ವ್ಯಾಸ ಎಷ್ಟು? ಅಂಚಿನ ಚಿತ್ರ ಕಳುಹಿಸುವಿರಾ? ಇಂದಿನ ದಿನಪತ್ರಿಕೆಯ ಮೇಲೆ ನಾಣ್ಯವನ್ನಿಟ್ಟು ಹಗಲು ಬೆಳಕಿನಲ್ಲಿ ಒಂದು ಚಿತ್ರ ತೆಗೆಯುವಿರಾ?

ಉತ್ತರ ಬಂತು, ಪ್ರಶ್ನೆಗಳಿಗಲ್ಲ. ನಾಣ್ಯ ಚಂದ್ರವಳ್ಳಿಯ ಹತ್ತಿರದ ಹೊಲದಲ್ಲಿ ಉಳುವಾಗ ಸಿಕ್ಕಿದ್ದಂತೆ. ಬೆಂಗಳೂರಿನ ಇನ್ನೊಬ್ಬರು ಎಂಟು ಸಾವಿರ ಕೊಡಲು ಸಿದ್ಧರಿದ್ದಾರಂತೆ. ನೀವು ದುರ್ಗದವರಾದ್ದರಿಂದ ನಿಮಗೇ ಸಿಗಲಿ ಎಂದು ಹಿಡಿದಿಟ್ಟಿದ್ದಾನಂತೆ. ವಾಟ್ಸ್‌ಆ್ಯಪ್‌ಗೆ ಬಂದು ನೇರವಾಗಿ ಯುಪಿಐ ಮೂಲಕ ಕಳುಹಿಸಿದರೆ 5,500ಕ್ಕೆ ಕೊಡುತ್ತಾನಂತೆ.

ಈ ನಾಲ್ಕರಲ್ಲಿ ಮೊದಲನೆಯದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಚಿತ್ರದುರ್ಗ ಜಿಲ್ಲೆಯ ಹೆಸರಿನಲ್ಲಿ ಈ ಕಥೆ ಮತ್ತೆ ಮತ್ತೆ ಮಾರಾಟವಾಗುತ್ತಿದೆ. ದುರ್ಗದ ಬೆಟ್ಟಗಳ ಬುಡದಲ್ಲಿರುವ ಚಂದ್ರವಳ್ಳಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ಶಾತವಾಹನರ ಕಾಲದ ನಾಣ್ಯಗಳೂ ರೋಮನ್ ಬೆಳ್ಳಿ ನಾಣ್ಯಗಳೂ ಆ ನೆಲದಲ್ಲಿ ಸಿಕ್ಕಿವೆ. ಆ ಕಾಲದ ಸ್ಥಳೀಯ ಅಧಿಪತಿಗಳಾದ ಸದಕನ ಮಹಾರಠಿಗಳ ಸೀಸದ ನಾಣ್ಯಗಳು ಸಿಕ್ಕ ಜಾಗವೆಂದೂ ಅದು ಹೆಸರಾಗಿದೆ. ಈ ಕೀರ್ತಿಯನ್ನು ಮಾರಾಟಗಾರರು ಚೆನ್ನಾಗಿ ಬಳಸಿಕೊಳ್ಳುತ್ತಾರೆ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುವ ಲೋಹ. ಮನೆಯ ಒಲೆಯ ಮೇಲೂ ‘ಶಾತವಾಹನ ನಾಣ್ಯ’ ಎರಕ ಹೊಯ್ಯಬಹುದು.

ಕಥೆ ನಿಜವೇ ಆಗಿದ್ದರೆ ಅದು ಇನ್ನೂ ಕೆಟ್ಟದ್ದು. ಕರ್ನಾಟಕದ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಹುದುಗಿದ್ದು ಸಿಕ್ಕ ಬೆಲೆಬಾಳುವ ವಸ್ತುವನ್ನು ಸಿಕ್ಕವರು ಜಿಲ್ಲಾಧಿಕಾರಿಗೆ ತಿಳಿಸಬೇಕು. 1972ರ ಪುರಾವಸ್ತು ಮತ್ತು ಕಲಾ ನಿಧಿ ಕಾಯ್ದೆಯಲ್ಲಿ ನೂರು ವರ್ಷ ದಾಟಿದ ನಾಣ್ಯವೂ ಪುರಾವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅದನ್ನು ವಿದೇಶಕ್ಕೆ ಕಳುಹಿಸುವಂತಿಲ್ಲ. ‘ಹೊಲದಲ್ಲಿ ಸಿಕ್ಕಿತು, ತಂದು ಮಾರುತ್ತಿದ್ದೇನೆ’ ಎನ್ನುವವನು ಸುಳ್ಳು ಹೇಳುತ್ತಿರಬೇಕು, ಇಲ್ಲವೇ ಕಾನೂನು ಮುರಿದೆ ಎಂದು ಒಪ್ಪಿಕೊಳ್ಳುತ್ತಿರಬೇಕು. ಎರಡರಲ್ಲಿ ಯಾವುದಾದರೂ ಅವನಿಂದ ಕೊಳ್ಳಲು ಕಾರಣವಾಗುವುದಿಲ್ಲ. ಹಳೆಯ ಸಂಗ್ರಹದಿಂದ ಬಂದದ್ದು, ಇಂಥ ಹರಾಜಿನಲ್ಲಿ ಕೊಂಡದ್ದು, ರಸೀದಿ ಇದೆ ಎನ್ನುವ ವ್ಯಾಪಾರಿಯ ಮಾತಿನಲ್ಲಿ ರೋಮಾಂಚನ ಇರುವುದಿಲ್ಲ. ನನಗೆ ಬೇಕಾದದ್ದು ಆ ಸಪ್ಪೆ ಮಾತು.

ಬೇಡ ಎಂದು ನಾನು ಹೇಳಿದೆ. ಮೇಷ್ಟರು ಯೋಚಿಸಿ ಬೇರೆ ದಾರಿ ಹಿಡಿದರು. ವಾಟ್ಸ್‌ಆ್ಯಪ್‌ಗೆ ಹೋಗಲಿಲ್ಲ. 1,300 ರೂಪಾಯಿ ಉಳಿಯುತ್ತದೆ ಎಂಬ ಆಮಿಷವನ್ನು ಪಕ್ಕಕ್ಕಿಟ್ಟು ಮಾರುಕಟ್ಟೆಯ ಸಂದೇಶ ಪೆಟ್ಟಿಗೆಯಲ್ಲೇ ಮತ್ತೆ ಬರೆದರು: ‘ಇಲ್ಲಿಯೇ ಪೂರ್ಣ ಬೆಲೆ ಕೊಟ್ಟು ಕೊಳ್ಳುತ್ತೇನೆ. ತೂಕವನ್ನು ಮಾತ್ರ ಇಲ್ಲಿ ಬರೆದುಕೊಡಿ.’ ಅರ್ಧ ಗಂಟೆಯಲ್ಲಿ ಉತ್ತರ: ‘11.2 ಗ್ರಾಂ. ಬೇಕಾದರೆ ತೂಗಿ ನೋಡಿ.’

ಇಡೀ ಪ್ರಕರಣ ನಿಂತಿರುವುದು ಈ ಸಾಲಿನ ಮೇಲೆ. ಟಿಪ್ಪುವಿನ ಪೈಸೆ ಸುಮಾರು 11 ಗ್ರಾಂ ತೂಗುತ್ತದೆ ಎಂಬುದು ಅಂತರ್ಜಾಲದಲ್ಲಿ ಯಾರಿಗಾದರೂ ಸಿಗುವ ಮಾಹಿತಿ. ಮಾರಾಟಗಾರ ತಕ್ಕಡಿಯನ್ನು ಮುಟ್ಟದೆ ಆ ಅಂಕಿಯನ್ನು ಎಲ್ಲಿಂದಲೋ ಎತ್ತಿ ಬರೆದ ಎಂದು ನನ್ನ ಊಹೆ. ಹೇಗೆ ಬರೆದರೂ ಅದು ಅಳೆಯಬಹುದಾದ ಮಾತು. ‘ಅಸಲಿ’ ಎಂಬುದನ್ನು ಅಳೆಯಲು ತಜ್ಞರು ಬೇಕು. ಮಾರುಕಟ್ಟೆಯ ಸಹಾಯವಾಣಿಯಲ್ಲಿ ಕುಳಿತ ಹುಡುಗ ಅದನ್ನು ತೀರ್ಮಾನಿಸಲಾರ, ತೀರ್ಮಾನಿಸು ಎಂದು ಅವನನ್ನು ಕೇಳುವುದೂ ನ್ಯಾಯವಲ್ಲ. 11.2 ಗ್ರಾಂ ಎಂಬುದನ್ನು ತೀರ್ಮಾನಿಸಲು ಲಕ್ಷ್ಮಿ ಬಜಾರಿನ ಯಾವ ಚಿನ್ನಬೆಳ್ಳಿ ಅಂಗಡಿಯ ತಕ್ಕಡಿಯಾದರೂ ಸಾಕು.

ಪೊಟ್ಟಣ ಬಂದ ಮೇಲೆ

ಪೊಟ್ಟಣವನ್ನು ತೆರೆಯುವ ಮುಂಚೆ ಮೇಷ್ಟರು ಮಗಳ ಕೈಗೆ ಮೊಬೈಲ್ ಕೊಟ್ಟರು. ವಿಳಾಸದ ಚೀಟಿ, ಅಂಟಿಸಿದ ಟೇಪು, ಕತ್ತರಿ, ಒಳಗಿನ ಕಾಗದ, ನಾಣ್ಯದ ಎರಡೂ ಮುಖ, ಅಂಚು: ಎಲ್ಲೂ ನಿಲ್ಲಿಸದೆ ಒಂದೇ ವಿಡಿಯೊ. ‘ನೀವೇ ನಾಣ್ಯ ಬದಲಾಯಿಸಿದ್ದೀರಿ’ ಎಂಬ ಆರೋಪ ಮುಂದೆ ಬಂದಾಗ ಉತ್ತರ ಕೊಟ್ಟದ್ದು ಈ ವಿಡಿಯೊ.

ನಾಣ್ಯ ಚಿತ್ರದಲ್ಲಿದ್ದದ್ದೇ. ಆನೆಯ ಹಿಂಗಾಲಿನ ಪಕ್ಕ, ಅಂಚಿನಿಂದ ಒಳಗೆ ಇಳಿದ ಸಣ್ಣ ಏಟಿನ ಗುರುತು ಕೂಡ ಹಾಗೆಯೇ ಇತ್ತು. ಅಂಗಡಿಯ ತಕ್ಕಡಿ 8.9 ಗ್ರಾಂ ತೋರಿಸಿತು. ಅಂಗಡಿಯವರು ಒಂದು ಬಿಳಿ ಚೀಟಿಯ ಮೇಲೆ ತೂಕ, ದಿನಾಂಕ ಬರೆದು ಮೊಹರು ಹಾಕಿಕೊಟ್ಟರು. ತಕ್ಕಡಿಯ ಪರದೆಯ ಮೇಲಿನ ಅಂಕಿ, ತಟ್ಟೆಯ ಮೇಲಿನ ನಾಣ್ಯ, ಎರಡೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಮೇಷ್ಟರು ಚಿತ್ರ ತೆಗೆದರು.

ಅವತ್ತೇ ಸಂಜೆ ಅವರು ದಾವಣಗೆರೆಗೆ ಬಂದರು. ಭೂತಗನ್ನಡಿಯ ಕೆಳಗೆ ನಾಣ್ಯ ತಾನೇ ತನ್ನ ಕಥೆ ಹೇಳಿತು: ಅದು ಸುತ್ತಿಗೆಯಿಂದ ಹೊಡೆದು ಟಂಕಿಸಿದ್ದಲ್ಲ, ಎರಕ ಹೊಯ್ದದ್ದು. ಅಕ್ಷರಗಳ ಬದಿಗಳು ನೇರವಾಗಿ ಎದ್ದು ನಿಲ್ಲುವ ಬದಲು ಇಳಿಜಾರಾಗಿ ನೆಲಕ್ಕೆ ಕರಗಿದ್ದವು. ಸವೆದ ನಾಣ್ಯದಲ್ಲಿ ಎತ್ತರದ ಭಾಗಗಳು ಮೊದಲು ಚಪ್ಪಟೆಯಾಗುತ್ತವೆ, ತಗ್ಗಿನಲ್ಲಿ ಗೆರೆಗಳು ಚೂಪಾಗಿಯೇ ಉಳಿಯುತ್ತವೆ. ಇಲ್ಲಿ ತಗ್ಗೂ ಎತ್ತರವೂ ಒಂದೇ ಸಮ ಮಂಕಾಗಿದ್ದವು. ಆನೆಯ ಹೊಟ್ಟೆಯ ಮೇಲೆ ಸೂಜಿಮೊನೆಯಷ್ಟು ಗುಳಿಗಳು, ದ್ರವ ಲೋಹದಲ್ಲಿ ಸಿಕ್ಕಿಕೊಂಡ ಗಾಳಿಯ ಗುರುತುಗಳು. ಅಂಚಿನ ಸುತ್ತ ಅರದಿಂದ ಉಜ್ಜಿದ ಗೀರುಗಳು: ಅಚ್ಚಿನ ಎರಡು ಭಾಗಗಳು ಕೂಡುವಲ್ಲಿ ಏಳುವ ಗೆರೆಯನ್ನು ಯಾರೋ ತೆಗೆದಿದ್ದರು. ಹಸಿರು ಕಿಲುಬಿನ ಮೇಲೆ ಅಸಿಟೋನ್ ತಾಗಿಸಿದ ಹತ್ತಿಯನ್ನು ಮೆಲ್ಲಗೆ ಒತ್ತಿದಾಗ ಹತ್ತಿ ಹಸಿರಾಯಿತು. ನೂರಾರು ವರ್ಷಗಳಲ್ಲಿ ತಾಮ್ರದ ಮೇಲೆ ಬೆಳೆದ ಕಿಲುಬು ಅಸಿಟೋನ್‌ಗೆ ಕರಗುವುದಿಲ್ಲ, ಬಣ್ಣ ಕರಗುತ್ತದೆ. (ನಾಣ್ಯ ನಿಮ್ಮದಾಗಿದ್ದರೆ ಮಾತ್ರ, ಕಿಟಕಿ ತೆರೆದು, ಬೆಂಕಿಯಿಂದ ದೂರವಿದ್ದು ಇದನ್ನು ಮಾಡಿ. ಹುಣಸೆಹಣ್ಣು, ನಿಂಬೆ, ಪಾತ್ರೆ ಪುಡಿಯ ಹತ್ತಿರಕ್ಕೆ ಯಾವ ಹಳೆಯ ನಾಣ್ಯವನ್ನೂ ಒಯ್ಯಬೇಡಿ.)

ಆದರೂ ಇವೆಲ್ಲ ನನ್ನ ಅಭಿಪ್ರಾಯಗಳೇ. ಮೇಷ್ಟರು ಎರಡು ದಿನ ಬಿಟ್ಟು ಕಂಡುಹಿಡಿದದ್ದು ಅಭಿಪ್ರಾಯದ ವಿಷಯವಾಗಿರಲಿಲ್ಲ. ಅದೇ ಮಾರುಕಟ್ಟೆಯಲ್ಲಿ ಬೇರೆ ಹೆಸರಿನ ಇನ್ನೊಂದು ಮಳಿಗೆ ‘ದುರ್ಗದ ಟಂಕಸಾಲೆ’ಯ ಪೈಸೆಯೊಂದನ್ನು 7,200ಕ್ಕೆ ಇಟ್ಟಿತ್ತು. ಮೇಷ್ಟರು ತಮ್ಮ ನಾಣ್ಯವನ್ನು ಮೊಬೈಲಿನ ಪರದೆಯ ಪಕ್ಕದಲ್ಲಿಟ್ಟು ಹೋಲಿಸಿದರು. ಆನೆಯ ಸೊಂಡಿಲಿನ ತುದಿ ಎರಡರಲ್ಲೂ ನಾಣ್ಯದ ಆಚೆ ಬಿದ್ದಿತ್ತು, ಒಂದೇ ಜಾಗದಲ್ಲಿ ಕತ್ತರಿಸಿದಂತೆ. ಹಿಂಗಾಲಿನ ಪಕ್ಕದ ಏಟಿನ ಗುರುತು ಎರಡರಲ್ಲೂ ಇತ್ತು, ಅದೇ ಆಳ, ಅದೇ ಓರೆ.

ಕೈಯಿಂದ ಟಂಕಿಸಿದ ನಾಣ್ಯದಲ್ಲಿ ಇದು ಆಗಲಾರದ ಸಂಗತಿ. ಆ ಕಾಲದಲ್ಲಿ ತಾಮ್ರದ ಬಿಲ್ಲೆಯನ್ನು ಕೆಳಗಿನ ಅಚ್ಚಿನ ಮೇಲಿಟ್ಟು, ಮೇಲಿನ ಅಚ್ಚನ್ನು ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಅಚ್ಚು ಬಿಲ್ಲೆಗಿಂತ ದೊಡ್ಡದಾಗಿರುತ್ತಿದ್ದುದರಿಂದ ಚಿತ್ರದ ಒಂದಿಷ್ಟು ಭಾಗ ಹೊರಗೆ ಉಳಿಯುತ್ತಿತ್ತು, ಪ್ರತಿ ಏಟಿಗೂ ಬೇರೆ ಭಾಗ. ಒಂದೇ ಜೋಡಿ ಅಚ್ಚಿನ ಎರಡು ನಾಣ್ಯಗಳೂ ಒಂದೇ ರೀತಿ ಕೂರುವುದಿಲ್ಲ. ಏಟಿನ ಗುರುತಂತೂ ಟಂಕಸಾಲೆಯಿಂದ ಹೊರಬಿದ್ದ ಮೇಲೆ ಆ ಒಂದು ನಾಣ್ಯಕ್ಕೆ ಮಾತ್ರ ತಗುಲಿದ ಗಾಯ. ಎರಡು ನಾಣ್ಯಗಳಲ್ಲಿ ಒಂದೇ ಗಾಯ ಇದ್ದರೆ ಎರಡೂ ಒಂದೇ ಎರಕದ ಅಚ್ಚಿನಿಂದ ಬಂದಿವೆ, ಅಥವಾ ಒಂದರ ಪಡಿಯಚ್ಚಿನಿಂದ ಇನ್ನೊಂದು ಬಂದಿದೆ. ಮೊದಲಿನದು ಮೇಷ್ಟರ ಕೈಯಲ್ಲೇ ಇದ್ದುದರಿಂದ ಅದೇ ನಾಣ್ಯವನ್ನು ಮತ್ತೆ ಪಟ್ಟಿ ಮಾಡಿದ್ದಾರೆ ಎನ್ನಲೂ ಸಾಧ್ಯವಿರಲಿಲ್ಲ.

ಸೊಂಡಿಲು ಕತ್ತರಿಸಿದ ಆ ಮೂಲ ಪೈಸೆ ಎಲ್ಲೋ ಇದೆ, ಅದು ಬಹುಶಃ ನಿಜವಾಗಿಯೂ ದುರ್ಗದ್ದು. ಅಕ್ಷರಗಳು ಸರಿಯಾಗಿ ಕೂಡಿಕೊಂಡದ್ದು ಆ ಕಾರಣಕ್ಕೆ. ಎರಕದ ನಕಲು ಬರಹವನ್ನು ತಪ್ಪಿಲ್ಲದೆ ನಕಲು ಮಾಡುತ್ತದೆ; ಲಿಪಿ ಓದಬಲ್ಲೆ ಎಂಬ ಧೈರ್ಯದಿಂದ ಕೊಳ್ಳುವವರು ಇದನ್ನು ಗಮನಿಸಬೇಕು.

ದೂರಿನ ಭಾಷೆ

ಮೇಷ್ಟರು ಮೊದಲು ಬರೆದಿಟ್ಟ ದೂರಿನಲ್ಲಿ ‘ಮೋಸ’, ‘ನಕಲಿ’, ‘ಇತಿಹಾಸಕ್ಕೆ ಅಪಚಾರ’ ಎಲ್ಲವೂ ಇದ್ದವು. ಎಲ್ಲವೂ ನಿಜ. ಆದರೆ ಅದನ್ನು ಓದುವವರಿಗೆ ಟಿಪ್ಪುವೂ ಗೊತ್ತಿಲ್ಲ, ಪೈಸೆಯೂ ಗೊತ್ತಿಲ್ಲ. ಕುಳಿತು ಅದನ್ನು ಹೀಗೆ ತಿದ್ದಿದೆವು:

‘ಮಾರಾಟಗಾರರು ಇಂತಹ ದಿನಾಂಕದ ಸಂದೇಶದಲ್ಲಿ ವಸ್ತುವಿನ ತೂಕ 11.2 ಗ್ರಾಂ ಎಂದು ಲಿಖಿತವಾಗಿ ತಿಳಿಸಿದ್ದಾರೆ. ನನಗೆ ತಲುಪಿದ ವಸ್ತುವಿನ ತೂಕ 8.9 ಗ್ರಾಂ. ವಸ್ತು ವಿವರಣೆಗೆ ಹೊಂದುವುದಿಲ್ಲ. ಸಂದೇಶದ ಚಿತ್ರ, ತೂಕದ ಚೀಟಿ, ಪೊಟ್ಟಣ ತೆರೆದ ವಿಡಿಯೊ ಲಗತ್ತಿಸಿದ್ದೇನೆ. ಪೂರ್ಣ ಹಣ ಹಿಂತಿರುಗಿಸಬೇಕು.’

ನಕಲಿ ಎಂಬ ವಿಷಯ ಎರಡನೆಯ ಪ್ಯಾರಾದಲ್ಲಿ ಬಂತು, ಅವಳಿ ನಾಣ್ಯದ ಚಿತ್ರಗಳೊಂದಿಗೆ. ಕ್ರಮ ಮುಖ್ಯ. ಅಳೆಯಬಹುದಾದದ್ದು ಮೊದಲು, ವಾದಿಸಬೇಕಾದದ್ದು ನಂತರ.

ಮೊದಲ ಉತ್ತರ ನಿರಾಸೆಯದು: ‘ಸಂಗ್ರಹಯೋಗ್ಯ ವಸ್ತುಗಳಿಗೆ ವಾಪಸಾತಿ ಇಲ್ಲ.’ ಇಲ್ಲಿಗೇ ಅನೇಕರು ಕೈಚೆಲ್ಲುತ್ತಾರೆ. ಗ್ರಾಹಕ ಸಂರಕ್ಷಣೆಯ ಇ–ವಾಣಿಜ್ಯ ನಿಯಮಗಳು, 2020 ಇದಕ್ಕೆ ನೇರ ಉತ್ತರ ಕೊಡುತ್ತವೆ. ವಸ್ತು ದೋಷಪೂರಿತವಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರುಪಡಿಸಿದ ಗುಣಲಕ್ಷಣಗಳಿಗೆ ಹೊಂದದಿದ್ದರೆ ಅದನ್ನು ಹಿಂಪಡೆಯಲು, ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ. ಮಾರುಕಟ್ಟೆ ಸಂಸ್ಥೆ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ಆ ಅಧಿಕಾರಿ 48 ಗಂಟೆಗಳೊಳಗೆ ದೂರು ತಲುಪಿದ್ದನ್ನು ಒಪ್ಪಿಕೊಳ್ಳಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಮೇಷ್ಟರು ಸಹಾಯವಾಣಿಯನ್ನು ಬಿಟ್ಟು ನೇರವಾಗಿ ಆ ಅಧಿಕಾರಿಗೆ ಬರೆದರು. ಇನ್ನೊಂದು ಕೋರಿಕೆಯನ್ನೂ ಸೇರಿಸಿದರು: ಮಾರಾಟಗಾರನ ವಿಳಾಸ, ಸಂಪರ್ಕ ವಿವರ ಕೊಡಿ. ಖರೀದಿಯ ನಂತರ ಗ್ರಾಹಕ ಲಿಖಿತವಾಗಿ ಕೇಳಿದರೆ ಅದನ್ನು ಕೊಡಬೇಕೆಂದು ಅದೇ ನಿಯಮಗಳಲ್ಲಿದೆ. ಈ ಅವಕಾಶ ಬಹಳ ಜನರಿಗೆ ತಿಳಿದಿಲ್ಲ.

ಒಂದು ಮಿತಿಯನ್ನೂ ಹೇಳಬೇಕು. ವ್ಯಾಪಾರವಾಗಿ ಅಲ್ಲದೆ, ತನ್ನ ಸ್ವಂತ ವಸ್ತುವನ್ನು ಎಂದೋ ಒಮ್ಮೆ ಮಾರುವ ವ್ಯಕ್ತಿಗೆ ಈ ನಿಯಮಗಳು ಅನ್ವಯಿಸುವುದಿಲ್ಲ. ಫೇಸ್‌ಬುಕ್ ಗುಂಪುಗಳಲ್ಲಿ, ವಾಟ್ಸ್‌ಆ್ಯಪ್ ಹರಾಜುಗಳಲ್ಲಿ ಕೊಂಡರೆ ‘ನಾನು ವ್ಯಾಪಾರಿಯಲ್ಲ, ನನ್ನ ಅಜ್ಜನ ನಾಣ್ಯ’ ಎಂಬ ಮಾತು ಬರುತ್ತದೆ. ಮೇಷ್ಟರ ಪ್ರಕರಣದಲ್ಲಿ ಮಳಿಗೆಯಲ್ಲಿ ನೂರಾರು ವಸ್ತುಗಳಿದ್ದವು, ಆ ಮಾತಿಗೆ ಎಡೆ ಇರಲಿಲ್ಲ.

ಮಾರಾಟಗಾರನ ಮೂರು ಮುಖ

ದೂರು ಮೇಲಕ್ಕೆ ಹೋದದ್ದು ಗೊತ್ತಾಗುತ್ತಿದ್ದಂತೆ ಮಾರಾಟಗಾರನಿಂದ ಕರೆಗಳು ಆರಂಭವಾದವು. ಮೊದಲು ಗದರಿಕೆ: ನಾಣ್ಯ ಬದಲಾಯಿಸಿದ್ದೀರಿ, ವಕೀಲರ ನೋಟಿಸ್ ಕಳುಹಿಸುತ್ತೇನೆ. ಮೇಷ್ಟರು ವಿಡಿಯೊ ಇದೆ ಎಂದಷ್ಟೇ ಹೇಳಿದರು. ಮರುದಿನ ವಿನಂತಿ: ‘ಸರ್, ಮಳಿಗೆ ಮುಚ್ಚಿಹೋಗುತ್ತದೆ, ಮಕ್ಕಳಿದ್ದಾರೆ, ಅರ್ಧ ಹಣ ಕೊಡುತ್ತೇನೆ, ದೂರು ಹಿಂಪಡೆಯಿರಿ.’ ಮೇಷ್ಟರಿಗೆ ಮನಸ್ಸು ಕರಗಿತ್ತು. ಬೇಕಾದರೆ ಪೂರ್ತಿ ಹಣ ಮಾರುಕಟ್ಟೆಯ ಮೂಲಕವೇ ಕೊಡಲಿ, ಆಮೇಲೆ ದೂರು ಹಿಂಪಡೆಯುವ ಮಾತು ಎಂದು ಅವರ ಹೆಂಡತಿ ಹೇಳಿದ್ದು ಸರಿಯಾಗಿತ್ತು. ಹಣ ಕೈಸೇರುವ ಮುಂಚೆ ದೂರು ಮುಚ್ಚಿದರೆ ಮತ್ತೆ ತೆರೆಯುವುದು ಕಷ್ಟ.

ಮೂರನೆಯದು ನಿಜಕ್ಕೂ ಅಪಾಯದ್ದು. ಪೂರ್ತಿ ಹಣ ಕೊಡುತ್ತೇನೆ ಎಂದು ಒಪ್ಪಿ ಒಂದು ಕ್ಯೂಆರ್ ಕೋಡ್ ಕಳುಹಿಸಿದ. ‘ಇದನ್ನು ಸ್ಕ್ಯಾನ್ ಮಾಡಿ ನಿಮ್ಮ ಪಿನ್ ಒತ್ತಿ, 6,800 ನಿಮ್ಮ ಖಾತೆಗೆ ಬರುತ್ತದೆ.’ ಯುಪಿಐನಲ್ಲಿ ಪಿನ್ ಒತ್ತುವುದು ಹಣ ಕೊಡಲು. ಪಡೆಯಲು ಪಿನ್ ಬೇಡ, ಸ್ಕ್ಯಾನ್ ಕೂಡ ಬೇಡ. ಒತ್ತಿದ್ದರೆ ಇನ್ನೊಂದು 6,800 ಹೋಗುತ್ತಿತ್ತು. ಮೇಷ್ಟರು ಆ ಸಂದೇಶವನ್ನು ಅಳಿಸದೆ ಚಿತ್ರ ತೆಗೆದಿಟ್ಟುಕೊಂಡರು.

ಮಾರಾಟಗಾರ ಅಜ್ಞಾನಿಯೋ ಮೋಸಗಾರನೋ ಎಂಬ ಪ್ರಶ್ನೆಯನ್ನು ನಾನು ಆವರೆಗೆ ತೆರೆದಿಟ್ಟಿದ್ದೆ. ಈ ವ್ಯಾಪಾರದಲ್ಲಿ ಅಜ್ಞಾನಿಗಳು ಬಹಳ ಇದ್ದಾರೆ. ಹಳೆಯ ಪಾತ್ರೆ, ನಾಣ್ಯಗಳನ್ನು ಒಟ್ಟಿಗೆ ಕೊಂಡು, ಗೊತ್ತಿದ್ದಷ್ಟು ಹೆಸರು ಹಾಕಿ ಮಾರುವವರು. 1818ರ ರಾಮ ದರ್ಬಾರ್ ‘ಅರ್ಧ ಆಣೆ’ಯನ್ನು ಈಸ್ಟ್ ಇಂಡಿಯಾ ಕಂಪನಿಯದೆಂದೇ ನಂಬಿ ಮಾರುವವರನ್ನು ನಾನು ನೋಡಿದ್ದೇನೆ. ಕಂಪನಿ ಅಂಥ ನಾಣ್ಯವನ್ನು ಎಂದೂ ಟಂಕಿಸಿಲ್ಲ, ಅವು ಈಚಿನ ಬಿಲ್ಲೆಗಳು. ಅಂಥವರಿಗೆ ತಪ್ಪನ್ನು ತೋರಿಸಿದರೆ ಹೆಚ್ಚಿನವರು ನಾಚಿ ಹಣ ಮರಳಿಸುತ್ತಾರೆ. ಅವರನ್ನು ಕಳ್ಳರೆಂದು ಕೂಗುವುದು ಅನ್ಯಾಯ, ನಾಳೆ ಅವರಿಂದಲೇ ಒಳ್ಳೆಯ ನಾಣ್ಯವೂ ಸಿಗಬಹುದು. ‘ಹಿಜರಿ’ ಎಂಬ ತಪ್ಪು ಅಜ್ಞಾನದ ಕಡೆಗೆ ವಾಲುತ್ತಿತ್ತು. ಕ್ಯೂಆರ್ ಕೋಡ್ ಆ ಅನುಮಾನದ ಲಾಭವನ್ನು ಪೂರ್ತಿ ಕಿತ್ತುಕೊಂಡಿತು.

ವಾಪಸು ಕಳುಹಿಸುವುದೋ ಬೇಡವೋ

ಕುಂದುಕೊರತೆ ಅಧಿಕಾರಿಯಿಂದ ಒಪ್ಪಿಗೆ ಬಂತು, ನಾಣ್ಯವನ್ನು ಹಿಂತಿರುಗಿಸಬೇಕೆಂಬ ಷರತ್ತಿನೊಂದಿಗೆ. ಈ ಷರತ್ತು ನಮ್ಮಿಬ್ಬರನ್ನೂ ಕಾಡಿತು. ನಕಲಿ ಎಂದು ಗೊತ್ತಿರುವ ವಸ್ತುವನ್ನು ಮಾರಿದವನ ಕೈಗೇ ಕೊಟ್ಟರೆ ಅದು ಹೊಸಪೇಟೆಯದೋ ತುಮಕೂರಿನದೋ ಇನ್ನೊಬ್ಬ ಮೇಷ್ಟರ ಮನೆಗೆ ಹೋಗುತ್ತದೆ. ಕೊಡದಿದ್ದರೆ ಹಣ ಬರುವುದಿಲ್ಲ. ಅದರ ಮೇಲೆ ‘ನಕಲಿ’ ಎಂದು ಕೊರೆದು ಕಳುಹಿಸಿದರೆ ವಸ್ತು ಹಾಳುಮಾಡಿದಿರಿ ಎಂಬ ವಾದ ಹುಟ್ಟುತ್ತದೆ. ನಾಣ್ಯವನ್ನು ಸಂಸ್ಥೆಯೇ ಇಟ್ಟುಕೊಳ್ಳಲಿ, ಮಾರಾಟಗಾರನಿಗೆ ಕೊಡಬೇಡಿ ಎಂದು ಮೇಷ್ಟರು ಬರೆದರು. ಅದಕ್ಕೆ ಅವಕಾಶವಿಲ್ಲ ಎಂಬ ಉತ್ತರ ಬಂತು. ಇದು ವ್ಯವಸ್ಥೆಯ ದೊಡ್ಡ ಕೊರತೆ ಎಂದು ನನಗೆ ಅನ್ನಿಸುತ್ತದೆ. ನಕಲಿ ಎಂದು ಸಾಬೀತಾದ ವಸ್ತು ಮತ್ತೆ ಪೇಟೆಗೆ ಬರದಂತೆ ತಡೆಯುವ ಹೊಣೆಯನ್ನು ಮಾರುಕಟ್ಟೆಗಳು ಹೊರಬೇಕು.

ಕೊನೆಗೆ ಮೇಷ್ಟರು ಕಳುಹಿಸಿದರು, ಇದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ. ಕಳುಹಿಸುವ ಮುಂಚೆ ಅಂಚಿನ ಸುತ್ತಲೂ ಚಿತ್ರ ತೆಗೆದರು, ಗುಳಿಗಳ ಜಾಗ ಗುರುತು ಮಾಡಿಕೊಂಡರು, ಅಂಚೆ ರಸೀದಿಯ ಪ್ರತಿ ಇಟ್ಟುಕೊಂಡರು. ಆ ಚಿತ್ರಗಳು ಈಗ ದಾವಣಗೆರೆ, ಚಿತ್ರದುರ್ಗ, ಶಿವಮೊಗ್ಗದ ಸಂಗ್ರಾಹಕರ ಮೊಬೈಲುಗಳಲ್ಲಿವೆ. ಸೊಂಡಿಲು ಕತ್ತರಿಸಿದ, ಹಿಂಗಾಲಿನ ಬಳಿ ಗಾಯವಿರುವ ಆನೆ ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಹಣ ವಾರದೊಳಗೆ ಖಾತೆಗೆ ಬಂತು.

ಅಧಿಕಾರಿ ಒಪ್ಪದಿದ್ದರೆ ಮುಂದಿನ ದಾರಿಯನ್ನೂ ಮೇಷ್ಟರು ವಿಚಾರಿಸಿಟ್ಟುಕೊಂಡಿದ್ದರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯಲ್ಲಿ ದೂರುದಾರ ತಾನು ವಾಸಿಸುವ ಊರಿನಲ್ಲೇ ದೂರು ಕೊಡಬಹುದು, ಮಾರಾಟಗಾರನ ಊರಿಗೆ ಓಡಬೇಕಿಲ್ಲ. ವಸ್ತುವಿಗೆ ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಹಣ ನೇರವಾಗಿ ಯುಪಿಐನಲ್ಲಿ ಹೋಗಿದ್ದರೆ ಕ್ರಮವೇ ಬೇರೆ: ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಬೇರೆ ಖಾತೆಗಳಿಗೆ ಜಾರುವ ಮುಂಚೆ ತಡೆಹಿಡಿಯುವ ಸಾಧ್ಯತೆ ಇರುವುದು ಆ ಮೊದಲ ಗಂಟೆಗಳಲ್ಲಿ ಮಾತ್ರ. ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ರಿಸರ್ವ್ ಬ್ಯಾಂಕಿನ ಶುಲ್ಕ ಕಟ್ಟಿ ಎಂದು ಕರೆ ಮಾಡುವವರದು ಇನ್ನೊಂದು ಜಾತಿಯ ವಂಚನೆ. ತಾನು ಇಂಥ ವ್ಯವಹಾರ ನಡೆಸುವುದಿಲ್ಲ, ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಹೊರಡಿಸಿದೆ.

ಈಗಿನ ಸ್ಥಿತಿ

ಹಣ ಬಂದ ಮೇಲೂ ಮೇಷ್ಟರು ನಿಲ್ಲಿಸಲಿಲ್ಲ. ಕ್ಯೂಆರ್ ಕೋಡಿನ ಸಂದೇಶ, ಅವಳಿ ನಾಣ್ಯಗಳ ಚಿತ್ರ, ಮಾರಾಟಗಾರನ ಫೋನ್ ಸಂಖ್ಯೆ ಸೇರಿಸಿ ಕೇಂದ್ರದ ಸೈಬರ್ ಅಪರಾಧ ಜಾಲತಾಣದಲ್ಲಿ ದೂರು ದಾಖಲಿಸಿದರು, ಅದರ ಪ್ರತಿಯನ್ನು ಚಿತ್ರದುರ್ಗದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೂ ಕೊಟ್ಟು ಸ್ವೀಕೃತಿ ಪಡೆದರು. ಹಣ ಹೋಗಿಲ್ಲವಲ್ಲ ಎಂಬ ಪ್ರಶ್ನೆ ಅಲ್ಲಿ ಬಂತು. ಪಿನ್ ಒತ್ತಿಸಿ ಹಣ ಕೀಳಲು ಪ್ರಯತ್ನಿಸಿದ್ದೂ ವಂಚನೆಯ ಪ್ರಯತ್ನವೇ, ಆ ಫೋನ್ ಸಂಖ್ಯೆಯ ಮೇಲೆ ಬೇರೆ ದೂರುಗಳೂ ಇರಬಹುದು ಎಂದು ಮೇಷ್ಟರು ಹೇಳಿದ ಮೇಲೆ ಬರೆದುಕೊಂಡರು. ಸಂಸ್ಥೆ ಕೊಟ್ಟ ವಿಳಾಸದಲ್ಲಿ ಬೀದಿಯ ಹೆಸರಿದೆ, ಮನೆಯ ಸಂಖ್ಯೆ ಇಲ್ಲ.

ಮೊದಲ ಮಳಿಗೆ ಮಾರುಕಟ್ಟೆಯಿಂದ ಕಾಣೆಯಾಗಿದೆ. ಎರಡನೆಯ ಮಳಿಗೆಯ ಪೈಸೆಯನ್ನು ದೂರಿನ ನಂತರ ತೆಗೆದಿದ್ದಾರೆ, ಮಳಿಗೆ ಮಾತ್ರ ಉಳಿದಿದೆ. ಕಳೆದ ತಿಂಗಳು ಅದೇ ಮಳಿಗೆ ‘ಚಂದ್ರವಳ್ಳಿಯ ಶಾತವಾಹನ ಸೀಸದ ನಾಣ್ಯ’ ಒಂದನ್ನು ಪಟ್ಟಿ ಮಾಡಿತು, ತೂಕ ಬರೆಯದೆ. ಮೇಷ್ಟರು ಅದರ ತೂಕ ಕೇಳಿ ಸಂದೇಶ ಕಳುಹಿಸಿದ್ದಾರೆ. ಇನ್ನೂ ಉತ್ತರ ಬಂದಿಲ್ಲ.